ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ

2023ರ ಮೇ ತಿಂಗಳು. ಶಾಲೆಗೆ ರಜೆ. ಆಫೀಸಿನಲ್ಲಿ ನಾನು, ಕ್ಲರ್ಕ್, ಅಟೆಂಡರ್ ಮೂವರೇ ಇದ್ದೆವು. ಮೇಜಿನ ಮೇಲೆ ಮೇಲಿನಿಂದ ಬಂದ ಒಂದು ನಮೂನೆ. ನಿಮ್ಮ ಕಥೋಲಿಕ ಶಾಲೆ ತನ್ನ ಆಧ್ಯಾತ್ಮಿಕ ಧ್ಯೇಯಕ್ಕೆ ತಕ್ಕ ಹಾಗೆ ನಡೆಯುತ್ತಿದೆಯಾ, ನೀವೇ ನೋಡಿ ಭರ್ತಿ ಮಾಡಿ ಕಳಿಸಿ ಅಂತ. ಎಲ್ಲ ಕ್ಲಾಸಿನಲ್ಲೂ ಶಿಲುಬೆ ಇದೆಯಾ? ಇದೆ. ಬೆಳಿಗ್ಗೆ ಪ್ರಾರ್ಥನೆ ಆಗುತ್ತದಾ? ಆಗುತ್ತದೆ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು, ವರ್ಷಕ್ಕೊಂದು ಧ್ಯಾನಕೂಟ? ಉಂಟು. ಪಾಲಕ ಸಂತರ ಹಬ್ಬ? ಉಂಟು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎಲ್ಲದಕ್ಕೂ ಟಿಕ್.

ಅಷ್ಟು ಹೊತ್ತಿಗೆ ಒಬ್ಬ ತಾಯಿ ಮಗನನ್ನು ಕರಕೊಂಡು ಬಂದರು. ಟಿಸಿ ತಗೊಂಡು ಹೋಗಲಿಕ್ಕೆ. ಬೀಡಿ ಕಟ್ಟುವವರು. ಮಗ ಒಂಬತ್ತನೇ ಕ್ಲಾಸು, ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೂ ಫೇಲ್. ಏಪ್ರಿಲ್‌ನಲ್ಲೇ ನಾವು ಹೇಳಿದ್ದೆವು: ಪಾಸ್ ಅಂತ ಬರೆದು ಕೊಡ್ತೇವೆ, ಆದರೆ ಹತ್ತನೇ ಕ್ಲಾಸಿಗೆ ಬೇರೆ ಶಾಲೆ ನೋಡಿ. ನಮ್ಮ ಜಿಲ್ಲೆಯಲ್ಲಿ ಈ ಮಾತು ಎಷ್ಟೋ ಮನೆಯವರು ಕೇಳಿದ್ದಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬರಬೇಕಾದರೆ ಫೇಲಾಗುವ ಮಗು ಹತ್ತನೇ ಕ್ಲಾಸಿನಲ್ಲಿ ಇರಬಾರದು.

ಕ್ಲರ್ಕ್ ಟಿಸಿ ಬರೆದು ನನ್ನ ಮುಂದೆ ಇಟ್ಟರು. ನಾನು ಪೆನ್ನು ತೆಗೆದೆ. ಆಗ ಆ ತಾಯಿ ಕೇಳಿದರು, "ಟೀಚರೇ, ಅದರಲ್ಲಿ ಎಂತ ಬರೆದಿದ್ದೀರಿ? ನನಗೆ ಓದಲಿಕ್ಕೆ ಬರುದಿಲ್ಲ."

ಕ್ಲರ್ಕ್ ಒಂದೊಂದೇ ಸಾಲು ಓದಿದರು. ಹೆಸರು, ಜನ್ಮ ದಿನಾಂಕ, ಜಾತಿ, ನಡತೆ ಉತ್ತಮ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆಯಂತೆ.

"ನಾನು ಕೇಳಿದ್ದಲ್ಲ ಅಲ್ವಾ ಟೀಚರೇ?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿದುಕೊಳ್ಳಲಿಕ್ಕೆ ಅಂತಲೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಇವತ್ತು ಬೇಡ ಅಕ್ಕ, ನಾಳೆ ಬನ್ನಿ" ಅಂದೆ. ಹುಡುಗ ಅಷ್ಟು ಹೊತ್ತೂ ಬಾಗಿಲ ಹೊರಗೇ ನಿಂತಿದ್ದ. ಚಪ್ಪಲಿ ಕಳಚಿ ಗೋಡೆಗೆ ಒತ್ತಿ ಇಟ್ಟಿದ್ದ, ದಿನಾ ಕ್ಲಾಸಿನ ಹೊರಗೆ ಇಡುವ ಹಾಗೆಯೇ.

ಅವತ್ತು ಸಂಜೆ ಆರು ವರ್ಷದ ಟಿಸಿ ಪುಸ್ತಕಗಳನ್ನು ಮನೆಗೆ ತಂದೆ. ಈಗ ಎಲ್ಲ ಆನ್‌ಲೈನ್ ಆದರೂ ನಮ್ಮಲ್ಲಿ ಅಡಿಪ್ರತಿ ಇಡುವ ಪದ್ಧತಿ ಉಂಟು. 2017ರಿಂದ 2022ರವರೆಗೆ. ಅಷ್ಟೂ ಅಡಿಪ್ರತಿಗಳಲ್ಲಿ ಇರುವುದು ನನ್ನ ಸಹಿ, ಯಾಕೆಂದರೆ 2016ರಿಂದ ಮುಖ್ಯ ಶಿಕ್ಷಕಿ ನಾನೇ. ಒಂಬತ್ತು ಮುಗಿಸಿ, ಹತ್ತಕ್ಕೆ ಸೇರದೆ ಹೋದ ಮಕ್ಕಳ ಹೆಸರಿನ ಎದುರು ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಹೋದೆ. 31 ಮಕ್ಕಳು. 27 ಕಡೆ ಅದೇ ಕಾರಣ. ಉಳಿದ ನಾಲ್ಕು ಮಾತ್ರ ನಿಜವಾಗಿಯೂ ಊರು ಬಿಟ್ಟವರು. ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 2020ರಲ್ಲಿ ಒಂದೇ ಒಂದು ಟಿಸಿ ಇಲ್ಲ. ಆ ವರ್ಷ ಲಾಕ್‌ಡೌನ್. ಒಂಬತ್ತಕ್ಕೆ ವಾರ್ಷಿಕ ಪರೀಕ್ಷೆ ನಡೆಯಲಿಲ್ಲ, ಎಲ್ಲರನ್ನೂ ತೇರ್ಗಡೆ ಮಾಡಿದೆವು. ಪೋಷಕರಿಗೆ ತೋರಿಸಲಿಕ್ಕೆ ನಮ್ಮ ಹತ್ತಿರ ಅಂಕಪಟ್ಟಿಯೇ ಇರಲಿಲ್ಲ. ಹಾಗಾಗಿ ಆ ವರ್ಷ ಯಾವ ಪೋಷಕರೂ ಏನೂ ಕೋರಲಿಲ್ಲ.

ಟಿಕ್ ಹಾಕಿದ ನಮೂನೆಯನ್ನು ನಾನು ಕಳಿಸಲಿಲ್ಲ. ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಸಂಚಾಲಕ ಫಾದರ್ ಹತ್ತಿರ ಹೋಗಿ ಪುಸ್ತಕಗಳನ್ನೇ ತೋರಿಸಿದೆ. ನಮಗೆ ಒಂದು ವರ್ಷ ಬೇಕು, ಶಾಲೆ ಧ್ಯೇಯಕ್ಕೆ ತಕ್ಕ ಹಾಗೆ ಇದೆಯಾ ಅಂತ ನೋಡುವ ಈ ಕೆಲಸವನ್ನು ಸರಿಯಾಗಿ ಮಾಡಬೇಕು ಅಂದೆ. ಅವರು ತುಂಬ ಹೊತ್ತು ಪುಟ ಮಗುಚಿದರು. "ಮಾಡಿ" ಅಂದರು. ಹುಡುಗನ ಟಿಸಿ ಹರಿದು ಹಾಕಿದೆವು. ಅವನು ಜೂನ್‌ನಲ್ಲಿ ನಮ್ಮಲ್ಲೇ ಹತ್ತನೇ ಕ್ಲಾಸಿಗೆ ಬಂದ.

ನಮ್ಮ ಶಾಲೆಯ ಬಗ್ಗೆ ಸ್ವಲ್ಪ ಹೇಳಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಒಂದು ಊರು. ಇಗರ್ಜಿಯ, ಅಂದರೆ ಚರ್ಚಿನ, ಪಕ್ಕದಲ್ಲೇ ಶಾಲೆ. ನಾನಿರುವುದು ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ. ಅದೇ ಕಂಪೌಂಡಿನೊಳಗೆ ಅನುದಾನ ಇಲ್ಲದ ಇಂಗ್ಲಿಷ್ ಮೀಡಿಯಂ ಶಾಲೆ, ಅದರ ಮುಖ್ಯಸ್ಥೆ ಒಬ್ಬರು ಸಿಸ್ಟರ್. ನಮ್ಮಲ್ಲಿ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು. ಕೆಲಸಕ್ಕೆ ಬಂದ ಬಾಗಲಕೋಟೆ, ಕೊಪ್ಪಳದ ಕಡೆಯವರ ಮಕ್ಕಳೂ ಇದ್ದಾರೆ. ಕಥೋಲಿಕ ಮಕ್ಕಳು ಒಂದು ಕ್ಲಾಸಿನಲ್ಲಿ ನಾಲ್ಕೈದು ಜನ. ಕರಾವಳಿಯಲ್ಲಿ ಮೊದಲು ಇಗರ್ಜಿ ಶಾಲೆ ಅಂದರೆ ಕ್ರೈಸ್ತ ಮಕ್ಕಳಿಗೆ ಅಂತಲೇ ಇತ್ತು. 1870ರಲ್ಲಿ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದಾಗ, 1880ರಲ್ಲಿ ಜೆಸ್ವಿತ ಸಭೆಯ ಫಾದರ್ಗಳು ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದಾಗ ಅವರ ಕಣ್ಣ ಮುಂದೆ ಇದ್ದದ್ದು ಮುಖ್ಯವಾಗಿ ಇಲ್ಲಿನ ಕಥೋಲಿಕರ ಮಕ್ಕಳೇ. ಈಗ ಲೆಕ್ಕ ತಿರುಗಿದೆ. ಹಾಗಾದರೆ ಧ್ಯೇಯ ಅಂದರೆ ಏನು, ಯಾರಿಗೆ?

24 ವರ್ಷ ಪಾಠ ಮಾಡಿದ್ದೇನೆ. ಆದರೆ ಧರ್ಮಸಭೆ ಈ ಬಗ್ಗೆ ಬರೆದದ್ದನ್ನು ಪೂರ್ತಿ ಓದಿರಲಿಲ್ಲ. ಆ ಮಳೆಗಾಲದಲ್ಲಿ ಓದಿದೆ. ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಬಡವರು, ಮನೆಯವರ ಆಸರೆ ಪ್ರೀತಿ ಸಿಗದವರು, ವಿಶ್ವಾಸದಿಂದ ದೂರ ಇರುವವರು, ಇವರ ಕಡೆ ಶಾಲೆ ವಿಶೇಷ ಗಮನ ಕೊಡಬೇಕು ಅಂತ ಅದರಲ್ಲಿ ಉಂಟು. 1977ರಲ್ಲಿ ರೋಮಿನಿಂದ ಬಂದ ಕಥೋಲಿಕ ಶಾಲೆ ಕುರಿತ ದಸ್ತಾವೇಜು ಇನ್ನೂ ನೇರ. ಕಥೋಲಿಕ ಶಾಲೆ ಉಳ್ಳವರ ಕಡೆಗೇ ಮುಖ ಮಾಡಿದರೆ ಅನ್ಯಾಯದ ಸಮಾಜವನ್ನೇ ಪೋಷಿಸಿದ ಹಾಗಾಗುತ್ತದೆ ಅಂತ ಬಿಡಿಸಿ ಹೇಳುತ್ತದೆ. ಇದನ್ನು ಯಾರೋ ಹೊರಗಿನ ಟೀಕಾಕಾರರು ಬರೆದದ್ದಲ್ಲ. ನಮ್ಮ ಮನೆಯ ಕಾಗದ.

ದೇಶದ ಕಾನೂನನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಸಂವಿಧಾನದ 30(1)ನೇ ವಿಧಿ ನಮಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28(3)ನೇ ವಿಧಿ ಮಕ್ಕಳಿಗೆ ರಕ್ಷಣೆ ಕೊಟ್ಟಿದೆ: ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮಬೋಧನೆಗೆ ಕೂರಿಸುವ ಹಾಗಿಲ್ಲ. ಇನ್ನೊಂದು, 2009ರ ಶಿಕ್ಷಣ ಹಕ್ಕು ಕಾಯ್ದೆ. ಅನುದಾನ ಇಲ್ಲದ ಖಾಸಗಿ ಶಾಲೆಗಳು ಹಿಂದುಳಿದ, ಬಡ ಮಕ್ಕಳಿಗೆ 25% ಸೀಟು ಕೊಡಬೇಕು. ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ನಮ್ಮಲ್ಲಿ ತುಂಬ ಜನ ಸಮಾಧಾನದ ಉಸಿರು ಬಿಟ್ಟರು. ನಮ್ಮ ಶಾಲೆಗಳ ಸ್ವಾತಂತ್ರ್ಯ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾನೂನು ಬಡ ಮಗುವನ್ನು ಸೇರಿಸಿಕೊಳ್ಳಿ ಅಂತ ನಮಗೆ ಹೇಳುವುದಿಲ್ಲ ಅಂತಾದರೆ, ಹೇಳಬೇಕಾದದ್ದು ನಮ್ಮ ಧ್ಯೇಯ. ಅದೂ ಸುಮ್ಮನಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಬೇರೆ ಕಡೆ ಹೇಗೆ ಅಳೆಯುತ್ತಾರೆ ಅಂತಲೂ ನೋಡಿದೆ. ಇಂಗ್ಲೆಂಡಿನಲ್ಲಿ ಸರಕಾರದ ತಪಾಸಣೆ ಅಲ್ಲದೆ ಧರ್ಮಸಭೆಯದ್ದೇ ಬೇರೆ ತಪಾಸಣೆ ಇದೆ. ಕಥೋಲಿಕ ಬದುಕು ಮತ್ತು ಧ್ಯೇಯ, ಧರ್ಮಬೋಧನೆ, ಸಾಮೂಹಿಕ ಪ್ರಾರ್ಥನೆ ಅಂತ ಮೂರು ಭಾಗ, ಒಂದರಿಂದ ನಾಲ್ಕರವರೆಗೆ ದರ್ಜೆ. ಅಚ್ಚುಕಟ್ಟಾಗಿದೆ, ಆದರೆ ನಮ್ಮ ಕ್ಲಾಸುಗಳಿಗೆ ಸರಿಹೊಂದುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. ಅಲ್ಲಿನ ಕಥೋಲಿಕ ಶಾಲೆಗಳು 2006ರಿಂದ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಒಂದು ಅಳತೆ ಮಾಡಿಕೊಂಡಿವೆ. ಅದರಲ್ಲಿ ಎರಡು ಗೆರೆ. ಒಂದು ಗೆರೆ, ಶಾಲೆಗೆ ತನ್ನ ನಂಬಿಕೆಯ ಗುರುತು ಎಷ್ಟು ಗಟ್ಟಿ. ಇನ್ನೊಂದು, ಬೇರೆ ನಂಬಿಕೆಯವರ ಜೊತೆ ಎಷ್ಟು ಒಡನಾಟ. ಎರಡೂ ಗೆರೆ ಅಡ್ಡ ಹಾಯ್ದಾಗ ನಾಲ್ಕು ಮನೆ ಆಗುತ್ತವೆ. ನಮ್ಮದೇ ಮಾತು ನಾವು ಆಡಿಕೊಂಡಿರುವ ಶಾಲೆ. ಎಲ್ಲ ಬಣ್ಣಗಳೂ ಇದ್ದು ನಮ್ಮದೇ ಬಣ್ಣ ಮರೆತ ಶಾಲೆ. ಯಾವ ಬಣ್ಣವೂ ಇಲ್ಲದ, ಯಾರ ನಂಬಿಕೆಯೂ ಯಾರಿಗೂ ಬೇಡವಾದ ಶಾಲೆ. ಕೊನೆಯದು, ನಮ್ಮ ನಂಬಿಕೆಯಲ್ಲಿ ಬೇರೂರಿ ಇತರರ ಜೊತೆ ಮನಸ್ಸು ಬಿಚ್ಚಿ ಮಾತಾಡುವ ಶಾಲೆ.

ಅವರು ಇದಕ್ಕೆ ದೊಡ್ಡ ಪ್ರಶ್ನಾವಳಿ ಬಳಸುತ್ತಾರೆ. ನಾವು ಹುಣಸೆ ಬೀಜ ಬಳಸಿದೆವು. ಸ್ಟಾಫ್ ರೂಮಿನ ನೆಲದಲ್ಲಿ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದು, ಎರಡೂ ಶಾಲೆಯ ಶಿಕ್ಷಕರ, ಅಟೆಂಡರ್‌ಗಳ, ಆಯಾಗಳ ಕೈಗೆ ಒಂದೊಂದು ಬೀಜ ಕೊಟ್ಟೆವು. ಒಬ್ಬೊಬ್ಬರೇ ಒಳಗೆ ಹೋಗಿ ನಮ್ಮ ಶಾಲೆ ಯಾವ ಮನೆ ಅಂತ ಅನ್ನಿಸುತ್ತದೋ ಅಲ್ಲಿ ಇಟ್ಟು ಬರಬೇಕು. ಕೊನೆಯಲ್ಲಿ ಬಾಗಿಲು ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಬೀಜ ಬಣ್ಣವಿಲ್ಲದ ಮನೆಯಲ್ಲಿ. ನಮ್ಮದೇ ಮಾತು ಆಡಿಕೊಳ್ಳುತ್ತೇವೆ ಅನ್ನುವ ಮನೆಗೆ ಜಾಸ್ತಿ ಬೀಳಬಹುದು ಅಂತ ಹೆದರಿದ್ದೆ. ಅಲ್ಲಿ ಎರಡೇ ಇತ್ತು. ನಮ್ಮ ಕನ್ನಡ ಮಾಷ್ಟ್ರು ಹಿಂದೂ, ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ. ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಟೀಚರೇ, ಮೊದಲು ಇಲ್ಲಿ ಹಳೆಯ ಫಾದರ್ ಒಬ್ಬರು ಇದ್ದರು. ಸಂಜೆ ಮೈದಾನದ ಬದಿಯಲ್ಲಿ ಜಪಮಾಲೆ ಹಿಡಿದು ನಡೀತಿದ್ದರು. ಮಕ್ಕಳು ಹತ್ತಿರ ಹೋಗಿ ಎಂತ ಫಾದರ್ ಎಣಿಸುದು ಅಂತ ಕೇಳ್ತಿದ್ದರು. ಅವರು ನಿಂತು ಉತ್ತರ ಕೊಡ್ತಿದ್ದರು, ಮತ್ತೆ ನಿಮ್ಮ ಮನೆಯಲ್ಲಿ ದೇವರಿಗೆ ಹೇಗೆ ಕೈಮುಗಿಯುದು ಅಂತ ಅವರೇ ಕೇಳ್ತಿದ್ದರು. ಈಗ ಯಾರನ್ನು ಎಂತ ಕೇಳುದು? ಎಲ್ಲರಿಗೂ ಫಲಿತಾಂಶದ್ದೇ ಚಿಂತೆ."

ಪುಸ್ತಕ ನೋಡುವ ಕೆಲಸಕ್ಕೆ ಐದು ಜನ ಕೂತೆವು. ನಾನು, ಇಂಗ್ಲಿಷ್ ಮೀಡಿಯಂನ ಸಿಸ್ಟರ್, ಕನ್ನಡ ಮಾಷ್ಟ್ರು, ನಮ್ಮ ಹಳೆ ವಿದ್ಯಾರ್ಥಿನಿ ಒಬ್ಬರು, ಅವರು ಮುಸ್ಲಿಂ, ಈಗ ಅವರ ಮಗಳು ನಮ್ಮಲ್ಲಿ ಓದುತ್ತಿದ್ದಾಳೆ, ಮತ್ತೆ ಧರ್ಮಕೇಂದ್ರದ (ಪ್ಯಾರಿಷಿನ) ಪರವಾಗಿ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಒಂದು ನಿಯಮ ಮಾಡಿಕೊಂಡೆವು. ಯಾರನ್ನೂ ಏನನ್ನೂ ಕೇಳುವ ಮೊದಲು ಶಾಲೆಯ ಪುಸ್ತಕಗಳನ್ನು ಓದಬೇಕು. ಜನರನ್ನು ಕೇಳಿದರೆ ಒಳ್ಳೆಯದೇ ಹೇಳುತ್ತಾರೆ, ಎದುರಿಗೆ ಫಾದರ್, ಸಿಸ್ಟರ್ ಇರುವಾಗಲಂತೂ ಇನ್ನೂ. ಪುಸ್ತಕಕ್ಕೆ ಮುಲಾಜು ಇಲ್ಲ. ಟಿಸಿ ಪುಸ್ತಕ, ಪ್ರವೇಶ ಪುಸ್ತಕ, ಫೀಸಿನ ಬಾಕಿ ಪುಸ್ತಕ, ಸಂಬಳದ ಪುಸ್ತಕ. ಇವು ನಾಲ್ಕು ಸಾಕು. ಬೇರೆ ಶಾಲೆಯವರು ಯಾರಾದರೂ ಇದನ್ನು ಮಾಡುವುದಾದರೆ ನಾನು ಹೇಳುವುದೂ ಇದನ್ನೇ. ಪ್ರಶ್ನಾವಳಿ ಆಮೇಲೆ ಇರಲಿ.

ಪುಸ್ತಕ ಓದಿದ ಮೇಲೆ ಮನೆಗಳಿಗೆ ಹೊರಟೆವು. ಊರು ಬಿಟ್ಟ ಆ ನಾಲ್ವರನ್ನೂ ಪಟ್ಟಿಯಲ್ಲೇ ಇಟ್ಟುಕೊಂಡೆವು. ಶನಿವಾರ ಮಧ್ಯಾಹ್ನ, ಇಬ್ಬಿಬ್ಬರಾಗಿ, ಕೈಯಲ್ಲಿ ಕಾಗದ ಪೆನ್ನು ಇಲ್ಲದೆ. 31ರಲ್ಲಿ 19 ಮನೆ ಸಿಕ್ಕಿತು. 11 ಮಕ್ಕಳು ಬೇರೆ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರು. 8 ಮಕ್ಕಳು ಹತ್ತನೇ ಕ್ಲಾಸು ಮುಗಿಸಲೇ ಇಲ್ಲ. ಒಬ್ಬ ಬೆಂಗಳೂರಿನಲ್ಲಿ ಬೇಕರಿಯಲ್ಲಿ, ಒಬ್ಬ ದೋಣಿಯಲ್ಲಿ, ಇಬ್ಬರು ಹುಡುಗಿಯರು ಅಮ್ಮನ ಜೊತೆ ಬೀಡಿಗೆ.

ಪಾಸಾದ ಒಬ್ಬನ ಮನೆಯಲ್ಲಿ ಅವನ ಅಜ್ಜಿ ಅವಲಕ್ಕಿ ಕಲಸಿ ಕೊಟ್ಟರು. ಹುಡುಗ ಈಗ ಐಟಿಐ ಮಾಡುತ್ತಿದ್ದಾನೆ. ನಾನು ಕ್ಷಮೆ ಕೇಳಲಿಕ್ಕೆ ಮಾತು ಹುಡುಕುತ್ತಿದ್ದೆ. ಅವನೇ ಮಾತು ತೆಗೆದ. "ಅಲ್ಲಿ ಸರಕಾರಿ ಶಾಲೆಯ ಗಣಿತದ ಸರ್ ಸಂಜೆ ಆರರವರೆಗೆ ಕೂತು ಹೇಳಿಕೊಟ್ರು ಟೀಚರ್. ನಾವು ಏಳು ಜನ ಇದ್ದೆವು, ಏಳೂ ಜನ ಬೇರೆ ಬೇರೆ ಶಾಲೆಯಿಂದ ಟಿಸಿ ತಗೊಂಡು ಬಂದವರೇ." ಅವನು ಇದನ್ನು ಚುಚ್ಚಲಿಕ್ಕೆ ಹೇಳಿದ್ದಲ್ಲ, ಆ ಸರ್ ಮೇಲಿನ ಪ್ರೀತಿಯಿಂದ ಹೇಳಿದ್ದು. ಯಾರೂ ಬೇಡ ಅಂದ ಮಕ್ಕಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಸುವಾರ್ತೆಯ ಕೆಲಸ. ಅದನ್ನು ಮಾಡಿದವರು ಶಿಲುಬೆ ಇಲ್ಲದ ಕ್ಲಾಸಿನಲ್ಲಿ ಒಬ್ಬ ಗಣಿತದ ಸರ್. ಹಿಂದೆ ಬರುವಾಗ ದಾರಿಯಲ್ಲಿ ಸಿಸ್ಟರ್ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಫೀಸಿನ ಪುಸ್ತಕದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಾಕಿ ಇರುವ ಮಕ್ಕಳ ಹೆಸರನ್ನು ಕ್ಲಾಸಿನಲ್ಲಿ ಓದುವ ಅಭ್ಯಾಸ ಇತ್ತು, ಅದನ್ನು ಆ ವಾರವೇ ನಿಲ್ಲಿಸಿದೆವು. ಈಗ ಪೋಷಕರಿಗೆ ಮಾತ್ರ ಫೋನು.

1988ರಲ್ಲಿ ರೋಮಿನಿಂದ ಬಂದ ಇನ್ನೊಂದು ದಸ್ತಾವೇಜಿನಲ್ಲಿ ಒಂದು ಮಾತು ಉಂಟು. ಮಗು ಕಥೋಲಿಕ ಶಾಲೆಯೊಳಗೆ ಕಾಲಿಟ್ಟ ಕ್ಷಣದಲ್ಲೇ ಇದು ಬೇರೆ ಥರದ ಜಾಗ, ವಿಶ್ವಾಸದ ಬೆಳಕು ಇರುವ ಜಾಗ ಅಂತ ಅನ್ನಿಸಬೇಕು. ಅದಕ್ಕೆ ನಾವು ಐದೂ ಜನ ಒಂದು ವಾರ ಸರದಿಯಲ್ಲಿ ಗೇಟಿನ ಹತ್ತಿರ ನಿಂತೆವು. ಬೆಳಿಗ್ಗೆ ಏನೂ ಗೊತ್ತಾಗಲಿಲ್ಲ. ಮಧ್ಯಾಹ್ನ ಗೊತ್ತಾಯಿತು. 12:40ಕ್ಕೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಊಟದ ಬೆಲ್. ಅವರು ಟಿಫಿನ್ ಬಾಕ್ಸ್ ಹಿಡಿದು ಹಾಲ್‌ಗೆ ಹೋಗುತ್ತಿದ್ದರು. ಅವರು ಕ್ಲಾಸಿಗೆ ಹೋದ ಮೇಲೆ 1:10ಕ್ಕೆ ಕನ್ನಡ ಮಾಧ್ಯಮದ ಬೆಲ್. ಈ ಮಕ್ಕಳು ತಟ್ಟೆ ಹಿಡಿದು ಹಿಂದಿನ ಜಗಲಿಯಲ್ಲಿ ಬಿಸಿಯೂಟಕ್ಕೆ ಸಾಲು ನಿಲ್ಲುತ್ತಿದ್ದರು. ಒಂದೇ ಕಂಪೌಂಡು, ಒಂದೇ ಇಗರ್ಜಿಯ ಗಂಟೆ, ವರ್ಷಗಟ್ಟಲೆ ಆ ಮಕ್ಕಳು ಒಟ್ಟಿಗೆ ಕೂತು ಒಂದು ತುತ್ತು ತಿಂದದ್ದಿಲ್ಲ. ಜಾಗ ಸಾಲದು ಅಂತ ಯಾವಾಗಲೋ ಯಾರೋ ಎರಡು ಬೆಲ್ ಮಾಡಿದ್ದು, ಹಾಗೇ ಉಳಿದುಬಿಟ್ಟಿತ್ತು. ಒಟ್ಟಿಗೆ ಊಟ ಮಾಡುವುದು ನಮ್ಮ ವಿಶ್ವಾಸದ ನಡುಮನೆ. ಪ್ರತಿ ಭಾನುವಾರ ನಾವು ಒಂದೇ ರೊಟ್ಟಿಯಲ್ಲಿ ಪಾಲು ತಗೊಳ್ಳುತ್ತೇವೆ. ಎರಡು ಬೆಲ್ ಒಂದೇ ಮಾಡಲಿಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಕೆಲವು ಪೋಷಕರು ಬಂದು ಬೇಸರ ಹೇಳಿದರು. ಸಿಸ್ಟರ್ ಅವರನ್ನು ಜಗಲಿಗೆ ಕರಕೊಂಡು ಹೋಗಿ, ಅವರಿಗೂ ಒಂದೊಂದು ತಟ್ಟೆ ಕೊಟ್ಟು, ಮಕ್ಕಳ ಜೊತೆ ಕೂರಿಸಿದರು.

ಇನ್ನು ಪ್ರಾರ್ಥನೆ. ಇಲ್ಲಿ ನಾನು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟಿಸಿ, ಫೀಸು, ಊಟ, ಇಷ್ಟೇ ಸರಿಮಾಡಿದರೆ ಸಾಕು, ಪ್ರಾರ್ಥನೆ ಗೀರ್ಥನೆ ಎಲ್ಲ ತೋರಿಕೆ ಅನ್ನುವವರು ನಮ್ಮಲ್ಲಿ ಇದ್ದಾರೆ. ನಾನು ಒಪ್ಪುವುದಿಲ್ಲ. ಮಗುವಿಗೆ ಅನ್ನ, ಅಕ್ಷರ ಕೊಡುವವರು ಬೇರೆಯವರೂ ಇದ್ದಾರೆ, ಚೆನ್ನಾಗಿಯೇ ಕೊಡುತ್ತಾರೆ. ದೇವರ ಮುಂದೆ ಸುಮ್ನೆ ಕೂರುವುದನ್ನು ಕಲಿಸುವ ಜಾಗ ಕಮ್ಮಿಯಾಗುತ್ತಿದೆ. ಅದನ್ನು ನಾವು ಬಿಟ್ಟರೆ ನಮ್ಮದು ಅಂತ ಉಳಿಯುವುದು ಬೋರ್ಡಿನಲ್ಲಿರುವ ಸಂತರ ಹೆಸರು ಮಾತ್ರ.

ಆದರೆ ಪ್ರಾರ್ಥನೆಯನ್ನು ಅಳೆಯುವುದು ಹೇಗೆ? ಎಷ್ಟು ನಿಮಿಷ ಅಂತ ಎಣಿಸಿ ಪ್ರಯೋಜನ ಇಲ್ಲ. ನಾವು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆವು, ಹೆಸರು ಬೇಡ. ಒಂದೇ ಪ್ರಶ್ನೆ: ಈ ಶಾಲೆಯಲ್ಲಿ ದೇವರು ನಿನ್ನ ಹತ್ತಿರ ಇದ್ದಾರೆ ಅಂತ ಯಾವತ್ತಾದರೂ ಅನ್ನಿಸಿದೆಯಾ? ಯಾವಾಗ? ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು, ಖಾಲಿಯೂ ಬಿಡಬಹುದು. ತುಂಬ ಚೀಟಿ ಖಾಲಿ ಬಂತು. ಕೆಲವರು ಪರೀಕ್ಷೆಯ ದಿನ ಅಂತ ಬರೆದರು. ಮಾತೆ ಮರಿಯಳ ಹುಟ್ಟುಹಬ್ಬ ಮೊಂತಿ ಫೆಸ್ತ್‌ಗೆ ಮೊದಲಿನ ಒಂಬತ್ತು ದಿನ ಮಕ್ಕಳೆಲ್ಲ ಹೂವು ತರುತ್ತಾರೆ, ಹಿಂದೂ, ಮುಸ್ಲಿಂ ಮಕ್ಕಳೂ ತರುತ್ತಾರೆ. ಆ ಹೂವಿನ ಬಗ್ಗೆ ಹದಿನಾಲ್ಕು ಚೀಟಿ. ಒಂದರಲ್ಲಿ, "ನಮ್ಮ ಗುಡ್ಡೆಯ ಗೌರಿ ಹೂವು ಮಾತೆಯ ಕಾಲಿನ ಹತ್ತಿರ ಇತ್ತು, ನಾನು ನೋಡಿದೆ" ಅಂತ. ಇನ್ನೊಂದರಲ್ಲಿ, "ಅಜ್ಜ ತೀರಿಕೊಂಡಾಗ ಪಿಟಿ ಸರ್ ಮನೆಗೆ ಬಂದು ಬೊಜ್ಜದ (ಉತ್ತರಕ್ರಿಯೆಯ) ವರೆಗೂ ದಿನಾ ಬಂದರು."

ಒಂದು ಚೀಟಿಯನ್ನು ನಾವು ಐದೂ ಜನ ಕೈಯಿಂದ ಕೈಗೆ ದಾಟಿಸಿ ಓದಿದೆವು. "ಎಲ್ಲರೂ ಪ್ರಾರ್ಥನೆ ಹೇಳುವಾಗ ನಾನು ಕಣ್ಣು ಮುಚ್ಚಿ ನನ್ನ ದುವಾ ಹೇಳ್ತೇನೆ. ಅದು ಸರಿಯಾ ತಪ್ಪಾ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ."

ನಮ್ಮ ಹಳೆ ವಿದ್ಯಾರ್ಥಿನಿ ಆ ಚೀಟಿ ಹಿಡಿದುಕೊಂಡು, "ನಾನೂ ಹಾಗೇ ಮಾಡ್ತಿದ್ದೆ, ಐದು ವರ್ಷ. ನನಗೂ ಯಾರೂ ಹೇಳಿರಲಿಲ್ಲ ಸರಿ ಅಂತ" ಅಂದರು.

ಮರುದಿನ ಅಸೆಂಬ್ಲಿಯಲ್ಲಿ ನಾನೇ ಹೇಳಿದೆ, ಇಲ್ಲಿ ನಿಂತಾಗ ನಿಮ್ಮ ಮನೆಯಲ್ಲಿ ಕಲಿಸಿದ ಪ್ರಾರ್ಥನೆ ಹೇಳುವುದು ಸರಿ, ಪೂರಾ ಸರಿ. ಅವತ್ತಿನಿಂದ ಕ್ರಮ ಬದಲಾಯಿತು. ಸುವಾರ್ತೆಯ ಒಂದು ಸಣ್ಣ ಭಾಗ ಕನ್ನಡದಲ್ಲಿ ಓದುತ್ತೇವೆ, ಯಾಕೆಂದರೆ ಇದು ಕಥೋಲಿಕ ಶಾಲೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಎರಡು ನಿಮಿಷ ಮೌನ, ಅದು ಪ್ರತಿ ಮಗುವಿನ ಸ್ವಂತದ್ದು. 2024ರ ಏಪ್ರಿಲ್‌ನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ಶಾಲೆಗಳಿಗೆ ಒಂದು ಮಾರ್ಗದರ್ಶಿ ಕಳಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಸಂಪ್ರದಾಯ ಹೇರಬೇಡಿ, ಸಂವಿಧಾನದ ಪೀಠಿಕೆ ಓದಿಸಿ, ಎಲ್ಲರಿಗೂ ಸೇರಿ ಒಂದು ಪ್ರಾರ್ಥನಾ ಕೋಣೆ ಇಡಿ ಅಂತ. ನಮ್ಮ ಕೆಲಸ ಮುಗಿಯುವ ಹೊತ್ತಿಗೆ ಅದು ಕೈಗೆ ಬಂದದ್ದು ಧೈರ್ಯ ಕೊಟ್ಟಿತು. ಕೋಣೆ ಇನ್ನೂ ಆಗಿಲ್ಲ. ಹಳೆ ಲ್ಯಾಬ್ ಖಾಲಿ ಮಾಡಿಸಬೇಕು.

ಈ ನಡುವೆ ನಾವು ಮರೆತೇಬಿಟ್ಟಿದ್ದ ಮಕ್ಕಳು ಯಾರು ಗೊತ್ತಾ? ಕಥೋಲಿಕ ಮಕ್ಕಳೇ. ಅವರ ಧರ್ಮೋಪದೇಶದ ಪೀರಿಯಡ್ಡು ವಾರಕ್ಕೆ ಎರಡು ಅಂತ ಟೈಮ್‌ಟೇಬಲ್‌ನಲ್ಲಿ ಇತ್ತು. ಹಾಜರಿ ಪುಸ್ತಕದಲ್ಲಿ ನೋಡಿದರೆ ಅರ್ಧ ಪೀರಿಯಡ್ಡು ಗಣಿತಕ್ಕೆ ಹೋಗಿತ್ತು, ಉಳಿದದ್ದರಲ್ಲಿ ನೋಟ್ಸ್ ಬರೆಸಿದ್ದೆವು. ಒಬ್ಬ ಹುಡುಗ ಚೀಟಿಯಲ್ಲಿ ಬರೆದಿದ್ದ, "ದೊತೊರ್ನ್ (ಧರ್ಮೋಪದೇಶ) ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಪರೀಕ್ಷೆಗೆ ಬರುದಿಲ್ಲ ಅಂತಾರೆ." ಆ ಕ್ಲಾಸು ಈಗ ಸಿಸ್ಟರ್ ತಗೊಳ್ಳುತ್ತಾರೆ. ಅಲ್ಲಿ ಪ್ರಶ್ನೆ ಮಾತ್ರ, ನೋಟ್ಸ್ ಇಲ್ಲ.

ಸಂಬಳದ ಪುಸ್ತಕ ಎಲ್ಲಕ್ಕಿಂತ ಕಷ್ಟದ್ದು. ಅನುದಾನಿತ ಶಿಕ್ಷಕರಿಗೆ ಸರಕಾರದ ಸಂಬಳ. ಖಾಲಿಯಾದ ಹುದ್ದೆ ತುಂಬಲಿಕ್ಕೆ ಆಡಳಿತ ಮಂಡಳಿ ಇಟ್ಟುಕೊಂಡ ಶಿಕ್ಷಕಿಯರಿಗೆ, ಅದೇ ಕೆಲಸಕ್ಕೆ, ಅದರ ಕಾಲು ಭಾಗವೂ ಇಲ್ಲ. ರಜೆಯ ಎರಡು ತಿಂಗಳು ಅದೂ ಇಲ್ಲ. ದುಡಿಯುವವರಿಗೆ ನ್ಯಾಯವಾದ ಕೂಲಿ ಸಿಗಬೇಕು ಅಂತ ಪೋಪ್ 13ನೇ ಲಿಯೋ 1891ರಲ್ಲೇ ವಿಶ್ವಪತ್ರ ಬರೆದರು. ಅದನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ ಕೂಡ. ಬ್ಯಾಂಕಿನ ಹಿರಿಯರು ಲೆಕ್ಕ ಹಾಕಿ ತೋರಿಸಿದರು: ಎರಡೂ ಶಾಲೆಯ ಲೆಕ್ಕ ಒಟ್ಟಿಗೆ ಹಿಡಿದು, ಹೊಸ ಸಭಾಂಗಣದ ಕೆಲಸ ಎರಡು ವರ್ಷ ಮುಂದೆ ಹಾಕಿದರೆ ಹನ್ನೆರಡು ತಿಂಗಳೂ ಸಂಬಳ ಕೊಡಬಹುದು. ಫಾದರ್ ಪ್ಯಾರಿಷ್ ಕೌನ್ಸಿಲಿನಲ್ಲಿ ಇಟ್ಟರು. ತುಂಬ ಜಗ್ಗಾಟ ಆಯಿತು. ಹನ್ನೆರಡು ತಿಂಗಳ ಸಂಬಳ ಆಯಿತು, ಮೊತ್ತ ಏರಲಿಲ್ಲ. ಇದರಲ್ಲಿ ನಾವು ಅರ್ಧ ದಾರಿಯಲ್ಲೇ ಇದ್ದೇವೆ.

ತಿಂಗಳ ಕೊನೆಯ ಶುಕ್ರವಾರ ಸ್ಟಾಫ್ ಮೀಟಿಂಗಿನ ಮೊದಲ ಹದಿನೈದು ನಿಮಿಷ ಈಗ ಆತ್ಮಶೋಧನೆಗೆ. ಜೆಸ್ವಿತ ಸಭೆ ಕಟ್ಟಿದ ಸಂತ ಇಗ್ನಾಸಿಯವರು ದಿನಾ ಮಾಡಲಿಕ್ಕೆ ಹೇಳಿಕೊಟ್ಟ ಕ್ರಮ ಅದು. ನಾವು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇವೆ: ಈ ತಿಂಗಳು ಯಾವ ಮಗುವಿನ ಜೊತೆ ನಾನು ಒಮ್ಮೆಯೂ ಮಾತಾಡಲಿಲ್ಲ? ಹೆಸರು ನೆನಪಿಗೆ ಬರುವವರೆಗೆ ಸುಮ್ಮನೆ ಕೂರುತ್ತೇವೆ. ಎಲ್ಲ ಧರ್ಮದ ಶಿಕ್ಷಕರೂ ಕೂರುತ್ತಾರೆ.

2024ರ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ನೂರಕ್ಕೆ ನೂರು ಹೋಯಿತು. 38ರಲ್ಲಿ 34 ಪಾಸ್. ಆ ವರ್ಷ ಪರೀಕ್ಷಾ ಕೋಣೆಗೆಲ್ಲ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದರು. ರಾಜ್ಯದ ಫಲಿತಾಂಶವೇ 83.89%ರಿಂದ 73.40%ಕ್ಕೆ ಇಳಿದಿತ್ತು. ಆದರೂ ಉಡುಪಿ ಮೊದಲು, ನಮ್ಮ ಜಿಲ್ಲೆ ಎರಡನೆಯದು. ಇಂಥ ಜಿಲ್ಲೆಯಲ್ಲಿ ನಾಲ್ಕು ಮಕ್ಕಳು ಫೇಲ್ ಅಂದರೆ ಫೋನುಗಳು ಬರುತ್ತವೆ. ಬಂದವು. ಆ ನಾಲ್ವರಲ್ಲಿ ನಮ್ಮ ಹುಡುಗನೂ ಒಬ್ಬ, ಗಣಿತ ಒಂದರಲ್ಲಿ. ಅದೇ ವರ್ಷ ಮೂರು ಪರೀಕ್ಷೆಯ ಪದ್ಧತಿ ಬಂದಿತ್ತು. ಫಲಿತಾಂಶ ಬಂದ ಮೇಲೆ ಮೇ ತಿಂಗಳಲ್ಲಿ ಗಣಿತದ ಟೀಚರ್ ನಾಲ್ವರನ್ನೂ ಕೂರಿಸಿಕೊಂಡರು. ಜೂನ್‌ನ ಪರೀಕ್ಷೆ-2ರಲ್ಲಿ ಅವನು ಪಾಸಾದ, ಇನ್ನಿಬ್ಬರೂ ಪಾಸಾದರು. ಒಬ್ಬಳು ಆಗಲಿಲ್ಲ. ಅವನ ತಾಯಿ ಟಿಸಿಗೆ ಬಂದಾಗ ಕ್ಲರ್ಕ್ ಗಟ್ಟಿಯಾಗಿ ಓದಿದರು: ಶಾಲೆ ಬಿಡಲು ಕಾರಣ, ವ್ಯಾಸಂಗ ಪೂರ್ಣ.

ಮನೆ ಸಿಗದ 12 ಮಕ್ಕಳ ಪಟ್ಟಿ ಸಿಸ್ಟರ್ ಬ್ಯಾಗಿನಲ್ಲೇ ಇದೆ. ಮೊನ್ನೆ ಒಬ್ಬಳು ಸಿಕ್ಕಳು, ಬಿ.ಸಿ.ರೋಡಿನ ಒಂದು ಬಟ್ಟೆ ಅಂಗಡಿಯಲ್ಲಿ. ಸಿಸ್ಟರ್‌ಗೆ ಬಟ್ಟೆ ತೋರಿಸುತ್ತಾ ಇದ್ದವಳು ಗುರುತು ಹಿಡಿದು ನಿಂತಳಂತೆ. ಮರುದಿನ ಅಂಗಡಿ ತೆರೆಯುವ ಮೊದಲು ಶಾಲೆಗೆ ಬಂದಳು. "ಈಗ ಬರೆಯಬಹುದಾ ಟೀಚರ್, ನನಗೆ ಇಪ್ಪತ್ತೊಂದು ಆಯಿತು" ಅಂತ ಕೇಳಿದಳು. ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಅರ್ಜಿ ತುಂಬಲಿಕ್ಕೆ ಒಂಬತ್ತನೇ ಕ್ಲಾಸಿನ ಟಿಸಿ ಬೇಕು ಅಂದೆ. ಅದು ಮನೆಯಲ್ಲಿ ಕಳೆದುಹೋಗಿದೆ ಅಂದಳು. ನಾನು ಕಪಾಟಿನಿಂದ 2019ರ ಪುಸ್ತಕ ತೆಗೆದು, ಅವಳ ಅಡಿಪ್ರತಿ ಹುಡುಕಿ, ನಕಲು ಬರೆಯಲಿಕ್ಕೆ ಕೂತೆ. ಪಟ್ಟಿಯಲ್ಲಿ ಇನ್ನು ಹನ್ನೊಂದು ಹೆಸರು.